ಮಾವನ ಸುರಂಗದಲ್ಲಿ ನೀರಿಲ್ಲ

ನಮ್ಮ ಕಣಿವೆಯಲ್ಲಿ ನಲವತ್ತು ದಾಟಿದ ಎಷ್ಟೋ ಗಂಡಸರಿಗೆ ಮಲಗಲು ಆಗದು. ಹಾಸಿಗೆಯ ಮೇಲೆ ಮೊಣಕಾಲೂರಿ ಕೂತು, ಎದುರಿಗಿಟ್ಟ ದಿಂಬಿಗೆ ಹಣೆ ಕೊಟ್ಟು ನಿದ್ದೆ ಮಾಡುತ್ತಾರೆ. ಬೆನ್ನು ನೆಲಕ್ಕೆ ತಾಗಿದರೆ ಉಸಿರು ಕಟ್ಟುತ್ತದೆ. ಎಲ್ಲರೂ ಒಂದು ಕಾಲಕ್ಕೆ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರು. ಚಿನ್ನ ಯಾರ ಮನೆ ಸೇರಿತೋ ನಮಗೆ ತಿಳಿಯದು. ಧೂಳು ಮಾತ್ರ ನಮ್ಮವರ ಎದೆಯಲ್ಲೇ ಉಳಿಯಿತು.

ನನ್ನ ಪಕ್ಕದ ಮನೆಯ ಬಾವೊಶಾನ್‌ಗೂ ಇದೇ ಕಾಯಿಲೆಯಿತ್ತು. ಅವನ ಹೆಂಡತಿ ಯುನ್‌ಶಿಯಾ ಬೆಳಿಗ್ಗೆ ಸಂಜೆ ಅವನಿಗೆ ಹಂದಿಯ ರಕ್ತ ಬೇಯಿಸಿ ತಿನ್ನಿಸುತ್ತಿದ್ದಳು. ಹಂದಿಯ ರಕ್ತ ಎದೆಯ ಧೂಳನ್ನು ತೊಳೆದು ಇಳಿಸುತ್ತದೆ ಎಂದು ನಮ್ಮಲ್ಲಿ ಅಜ್ಜಿಯರ ಕಾಲದಿಂದ ಹೇಳುತ್ತಾರೆ. ಗಣಿಗೆ ಹೋಗುವ ಗಂಡನಿಗೆ ಅದನ್ನು ಮಾಡಿಕೊಡದವಳಿಗೆ ಸೋಮಾರಿ ಎಂಬ ಹೆಸರು ತಪ್ಪಿದ್ದಲ್ಲ.

ಹೋದ ಸಲ ಹೊಸ ವರ್ಷದ ಹಬ್ಬದಲ್ಲಿ ಯುನ್‌ಶಿಯಾ ಹೆಪ್ಪುಗಟ್ಟಿದ ರಕ್ತವನ್ನು ಹೊಗೆಗೆ ಕಟ್ಟಿ ಒಣಗಿಸಿ, ಕತ್ತರಿಸಿ ಜಾಡಿಗೆ ತುಂಬುತ್ತಿದ್ದಳು. ಅದು ಗಂಡನಿಗಲ್ಲ, ಮೈದುನ ಶಿಯಾವ್‌ಮಾನ್‌ಗೆ. ಅವನಿಗೆ ಮದುವೆ ಗೊತ್ತಾಗಿತ್ತು. ಅದರ ಖರ್ಚಿಗೆಂದು, ಹೊಸ ವರ್ಷದ ಮೊದಲ ಹುಣ್ಣಿಮೆಯ ದೀಪದ ಹಬ್ಬ ಮುಗಿದ ಮೇಲೆ, ಗಣಿಯಲ್ಲಿ ಸಣ್ಣ ಗುತ್ತಿಗೆ ಹಿಡಿದಿದ್ದ ಸೋದರಮಾವ ದೆಕುಯ್‌ನ ವ್ಯಾನಿನಲ್ಲಿ ಅವನೂ ಬಂಡೆ ಕೊರೆಯಲು ಹೊರಡುವವನಿದ್ದ.

ನಾನೂ ಅಲ್ಲೇ ಕೂತಿದ್ದೆ. ಆಗಲೇ ಕೆಳಗಿನ ಊರಿನ ಗುಯ್‌ಫೆನ್ ಬಂದಳು. ಅವಳ ಗಂಡನೂ ಗಣಿಯ ಧೂಳಿಗೇ ಬಲಿಯಾದವನು. ಈಗ ಅವಳು ಆಸ್ಪತ್ರೆಯವರ ಜೊತೆ ಸೇರಿ ಈ ಕಾಯಿಲೆಯ ಬಗ್ಗೆ ಹೇಳುತ್ತ ಮನೆಮನೆ ಸುತ್ತುತ್ತಾಳೆ. ಹಬ್ಬದ ದಿನ ವಿಧವೆ ಬಂದಳೆಂದು ಮೂಗು ಮುರಿಯುವವರೂ ಇದ್ದಾರೆ. ಅವಳು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ.

"ಜಾಡಿ ಯಾರಿಗೆ ಕಣೇ?"

"ಮೈದುನಂಗೆ. ಇವರಿಗೆ ಅಲ್ಲಿ ಗಣೀಲಿ ಇದು ದಿನಾ ಸಿಗ್ಲಿಲ್ಲ ಅಕ್ಕಾ, ಅದಕ್ಕೇ ಹಿಂಗಾಯ್ತು. ಇವನಿಗಾದ್ರೂ ತಪ್ಪಬಾರ್ದು."

"ಅನ್ನ ತಿನ್ನುವಾಗ ಒಂದಗುಳು ದಾರಿ ತಪ್ಪಿದ್ರೆ ಏನಾಗುತ್ತೆ?"

"ನೆತ್ತಿಗೇರುತ್ತೆ. ಕೆಮ್ಮಿ ಕೆಮ್ಮಿ ಸಾಕಾಗುತ್ತೆ."

"ಅಂದ್ರೆ ತಿಂದದ್ದು ಹೋಗೋ ದಾರಿ ಬೇರೆ, ಉಸಿರಿನ ದಾರಿ ಬೇರೆ. ರಕ್ತ ಹೊಟ್ಟೆಗೆ ಹೋಗುತ್ತೆ. ಧೂಳು ಎದೇಲಿ ಕೂತಿರುತ್ತೆ. ಅಲ್ಲಿ ಮಾಂಸಾನೇ ಕಲ್ಲಾಗುತ್ತೆ ಕಣೇ. ತೊಳೆಯೋದು ಎಲ್ಲಿಂದ ಬಂತು?"

ಯುನ್‌ಶಿಯಾಗೆ ಸಿಟ್ಟು ಬಂತು. "ನೀವು ನಿಮ್ಮೆಜಮಾನ್ರಿಗೆ ಸರಿಯಾಗಿ ಮಾಡಿಕೊಡ್ಲಿಲ್ಲ ಅಂತ ಕಾಣುತ್ತೆ."

ಆ ಮಾತು ಕೇಳಿ ನನಗೇ ನೋವಾಯಿತು. ಗುಯ್‌ಫೆನ್ ಮಾತ್ರ ಮೆಲ್ಲಗೆ, "ನಾನು ತಿನ್ನಿಸಿದಷ್ಟು ಈ ಕಣಿವೇಲಿ ಯಾರೂ ತಿನ್ನಿಸಿಲ್ಲ. ಕೊನೇ ದಿನವೂ ತಿನ್ನಿಸ್ದೆ" ಎಂದಳು.

ಯುನ್‌ಶಿಯಾ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು.

ಅಲ್ಲೇ ಬಾಗಿಲಲ್ಲಿ ನಿಂತಿದ್ದ ಶಿಯಾವ್‌ಮಾನ್ ಕೇಳಿದ, "ಅಂದ್ರೆ ಗಣಿಗೇ ಹೋಗಬಾರ್ದಾ ಅಕ್ಕಾ? ಹೊಟ್ಟೆಗೇನು ಮಾಡೋದು?"

"ಹೋಗಬೇಡ ಅನ್ನಲ್ಲಪ್ಪ. ಗಣಿ ಒಬ್ಬರದು, ಕೊರೆಯೋ ಗುತ್ತಿಗೆ ಇನ್ನೊಬ್ಬರದು. ಲೋಕದಲ್ಲೆಲ್ಲ ಹಿಂಗೇ ನಡೆಯುತ್ತೆ. ಒಳ್ಳೇ ಗುತ್ತಿಗೆದಾರ ಯಂತ್ರಕ್ಕೆ ನೀರಿನ ಪೈಪು ಎಳೀತಾನೆ, ನೀರು ಬಿಟ್ಕೊಂಡು ಕೊರೆದ್ರೆ ಧೂಳು ಅಲ್ಲೇ ಕೆಸರಾಗುತ್ತೆ. ಒಳಗೆ ಗಾಳಿ ಆಡೋಹಂಗೆ ಮಾಡ್ತಾನೆ, ಒಳ್ಳೇ ಮಾಸ್ಕ್ ಕೊಡ್ತಾನೆ, ವರ್ಷ ವರ್ಷ ಎದೆಯ ಎಕ್ಸ್‌ರೇ ತೆಗೆಸ್ತಾನೆ. ಆದ್ರೆ ದೊಡ್ಡವನು ಸಣ್ಣವನಿಗೆ, ಸಣ್ಣವನು ಇನ್ನೂ ಸಣ್ಣವನಿಗೆ ಗುತ್ತಿಗೆ ಕೊಡ್ತಾ ಹೋದ್ರೆ, ಕೊನೆಗೆ ನೀರಿಗೆ ಖರ್ಚು ಮಾಡೋನು ಯಾರೂ ಇರಲ್ಲ. ನಿನ್ನಣ್ಣ ಹಾಸಿಗೆ ಹಿಡಿದಾಗ ಅವರೆಲ್ಲ ಏನಂದ್ರು?"

ಏನೆಂದರೆಂದು ಊರಿಗೇ ಗೊತ್ತು. ಗಣಿಯವರು ಇವನು ನಮ್ಮವನಲ್ಲ ಎಂದರು. ದೊಡ್ಡ ಗುತ್ತಿಗೆದಾರ ಹೆಸರೇ ಕೇಳಿಲ್ಲ ಎಂದ. ಅವನನ್ನು ಕೆಲಸಕ್ಕೆ ಕರೆದೊಯ್ದ ದೆಕುಯ್ ಮಾವನ ಹತ್ತಿರ ಕರಾರು ಎಂಬುದೇ ಇರಲಿಲ್ಲ. ಸ್ವಂತ ಮಾವನ ಹತ್ತಿರ ಸಹಿ ಕೇಳುವುದೆಂದರೆ ನಮ್ಮಲ್ಲಿ ಅವನ ಮುಖಕ್ಕೆ ಉಗಿದ ಹಾಗೆ. ಮರ್ಯಾದೆ ನೋಡಿಕೊಂಡು ಸುಮ್ಮನಿದ್ದುಬಿಡುತ್ತೇವೆ, ಆಮೇಲೆ ಅಳುತ್ತೇವೆ.

ಮಾರನೆಯ ದಿನ ನಾನು ಅವರ ಮನೆಯಲ್ಲಿದ್ದಾಗಲೇ ದೆಕುಯ್ ಮಾವ ಸಾರಾಯಿ, ಸಿಗರೇಟು ಹಿಡಿದು ಬಂದ. ಕೆಟ್ಟವನಲ್ಲ. ಬಾವೊಶಾನ್‌ಗೆ ಕಿತ್ತಳೆ ಸುಲಿದು ಕೊಟ್ಟ. ಹೊರಡುವ ಮಾತು ಬಂದಾಗ ಶಿಯಾವ್‌ಮಾನ್ ತಲೆ ತಗ್ಗಿಸಿಕೊಂಡೇ ಕೇಳಿದ.

"ಮಾವ, ನಿಮ್ಮ ಸುರಂಗದಲ್ಲಿ ಕೊರೆಯೋವಾಗ ನೀರು ಬಿಡ್ತೀರಾ?"

ಮಾವನ ಮುಖ ಕೆಂಪಾಯಿತು.

"ಓಹೋ, ಇನ್ನೂ ಹೊರಟೇ ಇಲ್ಲ, ಆಗಲೇ ಸಾಹೇಬ್ರು. ನೀರು ಅಷ್ಟು ಮೇಲಕ್ಕೆ ಏರಲ್ಲ ಕಣೋ. ಕೊರೆದಷ್ಟು ಮೀಟರಿಗೆ ದುಡ್ಡು. ಪೈಪು ಎಳ್ಕೊಂಡು ಕೂತ್ರೆ ನೀನೂ ಮದುವೆ ಆದಂಗೆ, ನಾನೂ ಉಂಡಂಗೆ. ಮೂಗಿಗೆ ಒಂದು ಬಟ್ಟೆ ಕಟ್ಕೊ. ನಾನು ಅಲ್ಲೇ ಮುದುಕ ಆಗ್ಲಿಲ್ವಾ?"

ಬಾವೊಶಾನ್ ದಿಂಬಿನಿಂದ ತಲೆಯೆತ್ತಿದ. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡ.

"ಮಾವ... ರಸ್ತೆಯಿಂದ ನಮ್ಮನೆಗೆ ಹತ್ತೋವಾಗ... ಎಷ್ಟು ಸಲ ನಿಂತ್ರಿ?"

ದೆಕುಯ್ ಸಿಗರೇಟಿನ ಪೊಟ್ಟಣವನ್ನು ಕೈಗೆತ್ತಿಕೊಂಡ.

"ನನಗೂ... ಹಂಗೇ ಶುರುವಾಗಿದ್ದು."

ಮಾವ ಪೊಟ್ಟಣವನ್ನು ತೆರೆಯದೆಯೇ ಕೆಳಗಿಟ್ಟ. ತನ್ನ ಎದೆಯಲ್ಲೂ ಅದೇ ಕಲ್ಲು ಬೆಳೆಯುತ್ತಿದೆಯೆಂದು ಅವನಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಅನ್ನಿಸಿತು. ಯುನ್‌ಶಿಯಾ ಮೈದುನನ ಪಕ್ಕಕ್ಕೆ ಬಂದು ನಿಂತು, "ಇವನನ್ನ ಕಳಿಸಲ್ಲ ಮಾವ. ಬೇಜಾರು ಮಾಡ್ಕೋಬೇಡಿ" ಎಂದಳು. ಮಾವ ಊಟಕ್ಕೂ ನಿಲ್ಲದೆ ಎದ್ದು ಹೋದ. ಮದುವೆ ಮುಂದಕ್ಕೆ ಹೋಯಿತು. ನೆಂಟರಿಷ್ಟರು ಆಡಿಕೊಂಡರು.

ಬಾವೊಶಾನ್ ಆ ವಸಂತವನ್ನು ದಾಟಲಿಲ್ಲ. ಅವನ ಮಣ್ಣಿಗೆ ದೆಕುಯ್ ಮಾವನೂ ಬಂದ. ಎಲ್ಲರೂ ಚದುರಿದ ಮೇಲೆ ಅವನು ಗುಯ್‌ಫೆನ್‌ಳ ಹತ್ತಿರ ಹೋಗಿ, ಎಕ್ಸ್‌ರೇ ಎಲ್ಲಿ ತೆಗೆಯುತ್ತಾರೆ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಅವಳೇ ಕರೆದುಕೊಂಡು ಹೋದಳು. ಅವನಿಗೂ ಕಾಯಿಲೆ ಬಹಳ ಬೆಳೆದುಬಿಟ್ಟಿತ್ತು.

ಶಿಯಾವ್‌ಮಾನ್ ಈಗ ಬೇರೊಬ್ಬ ಗುತ್ತಿಗೆದಾರನ ಕೆಳಗೆ ಕೊರೆಯುತ್ತಾನೆ. ಸೇರುವ ಮೊದಲು ಎದೆಯ ಎಕ್ಸ್‌ರೇ ಆಯಿತು, ಕರಾರಿಗೆ ಸಹಿ ಆಯಿತು. ಸಂಜೆ ಮೈಯೆಲ್ಲ ಕೆಸರು ಮಾಡಿಕೊಂಡು ಹೊರಗೆ ಬರುತ್ತಾನಂತೆ. ಹೇಳುವಾಗ ಯುನ್‌ಶಿಯಾ ನಗುತ್ತಾಳೆ, ಹಾಗೆಯೇ ಕಣ್ಣೊರೆಸಿಕೊಳ್ಳುತ್ತಾಳೆ. ಅದೇ ಕೆಸರು ಬಾವೊಶಾನ್‌ನ ಮೈಗೆ ಹತ್ತಿದ್ದರೆ ಅವನು ಬದುಕಿರುತ್ತಿದ್ದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಂಡೆ ಕೊರೆಯುವ, ಕಲ್ಲು ಒಡೆಯುವ ಯಾವ ಊರಿನವರಾದರೂ ಸರಿ, ಕೇಳಿ. ಎದೆಗೆ ಹೋದ ಕಲ್ಲುಧೂಳನ್ನು ಯಾವ ಊಟವೂ ಯಾವ ಔಷಧಿಯೂ ಹೊರಗೆ ತರುವುದಿಲ್ಲ. ಅದನ್ನು ಒಳಗೆ ಬಿಡದಿರುವುದೊಂದೇ ದಾರಿ. ಕೆಮ್ಮು ಬರುವವರೆಗೆ ಕಾಯಬೇಡಿ, ಈಗಲೇ ಎಕ್ಸ್‌ರೇ ತೆಗೆಸಿ. ಮನೆಯಿಂದ ಯಾರಾದರೂ ಹೊರಟಿದ್ದರೆ, ಕರೆದೊಯ್ಯಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಯಂತ್ರಕ್ಕೆ ನೀರಿದೆಯೇ, ಒಳಗೆ ಗಾಳಿಯಿದೆಯೇ, ಕರಾರಿಗೆ ಸಹಿ ಹಾಕುತ್ತೀರಾ? ಬಂದವನು ನಿಮ್ಮ ಸ್ವಂತ ಸೋದರಮಾವನೇ ಆಗಿದ್ದರೂ ಕೇಳಿ. ಅವನು ಮುನಿಸಿಕೊಂಡರೆ ಒಂದು ದಿನ ಸಮಾಧಾನ ಮಾಡಬಹುದು.