ಹೆಸರಿಲ್ಲದ ಫೋಟೊ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತ ಹೆಂಗಸರೆಲ್ಲ, ಯಾವ ದೇವರಿಗೆ ಕೈಮುಗಿಯುವವರೇ ಆಗಿರಲಿ, ಕಣ್ಣಷ್ಟೇ ಬಿಟ್ಟು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಇಲ್ಲದಿದ್ದರೆ ಘಾಟು ಮೂಗಿಗೇರಿ ಸೀನಿ ಸೀನಿ ಸಾಕಾಗುತ್ತದೆ. ಇಷ್ಟು ಸಣ್ಣ ಸಂಗತಿ ಬೆಂಗಳೂರಿನ ಒಂದು ಮಹಿಳಾ ಪತ್ರಿಕೆಗೆ ತಿಳಿಯಲಿಲ್ಲ.

ಅದರ ವರದಿಗಾರ್ತಿ ಸುನಿತಾ ಬಂದಾಗ ಆ ಹೆಂಗಸರಲ್ಲೊಬ್ಬಳಾದ ಮೆಹನಾಜ ಮಧ್ಯಾಹ್ನವಿಡೀ ಮಾತಾಡಿದ್ದಳು. ತೊಟ್ಟು ಬಿಡಿಸುತ್ತಲೇ ಸ್ವಂತ ಖಾರದ ಗಿರಣಿಯ ಕನಸು ಕಂಡದ್ದು, ಯಂತ್ರಕ್ಕಾಗಿ ಹಾವೇರಿಗೂ ರಾಣೇಬೆನ್ನೂರಿಗೂ ಅಲೆದದ್ದು, ಎಲ್ಲ ಹೇಳಿದ್ದಳು. ಮನೆಯ ಒಂದು ತಕರಾರನ್ನು ಮಾತ್ರ ಹೇಳಿರಲಿಲ್ಲ. ಮಾವ ಇಸಾಕಸಾಬರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಗಿರಣಿ ನೀನೇ ನಡಸು, ಬ್ಯಾಡ ಅನ್ನಂಗಿಲ್ಲ. ಬೋರ್ಡಿನ ಮ್ಯಾಲೆ ಮಾತ್ರ ತೌಹೀದನ ಹೆಸರಿರಲಿ. ಮನಿ ಹೆಣ್ಣಮಗಳ ಹೆಸರು ಬಜಾರದಾಗ ಯಾಕ?"

ಗಂಡ ತೌಹೀದ ಅಪ್ಪನಿಗೆ ಎದುರಾಡುವ ಆಸಾಮಿಯಲ್ಲ. ಪತ್ರಿಕೆಯಲ್ಲಿ ತನ್ನ ಹೆಸರು ಅಚ್ಚಾದರೆ ಮಾವನ ಮನಸ್ಸು ಕರಗೀತು ಎಂದು ಮೆಹನಾಜ ಆಸೆ ಇಟ್ಟುಕೊಂಡಿದ್ದಳು. ಬರುವ ಶುಕ್ರವಾರ ಗಿರಣಿ ಶುರು, ಬೋರ್ಡು ಇನ್ನೂ ಖಾಲಿ ಇರುವಾಗಲೇ ಪತ್ರಿಕೆ ಕೈಗೆ ಬಂತು. ಪುಟದ ತುಂಬ ಬಟ್ಟೆ ಸುತ್ತಿದ ಮುಖ, ನೀರಾಡುವ ಎರಡು ಕಣ್ಣು. ಕೆಳಗೆ, 'ಪರದೆಯ ಹಿಂದೆ ಮೂಕವಾದ ಮುಸ್ಲಿಂ ಮಹಿಳೆ.'

"ಅಯ್ಯ, ಇದು ನನ್ನ ಮಾರಿ!" ಎಂದಳು ಜೊತೆಗೆ ತೊಟ್ಟು ಬಿಡಿಸುವ ಹೊಳಿಯವ್ವ. "ನನ್ನ ಸೀರಿ ಸೆರಗಲ್ಲೇನ ಇದು? ನಾ ಯಾವಾಗ ಮುಸಲರಾಕಿ ಆದ್ನೆವ್ವ? ಅದಿರಲಿ, ಮೂಕಿ ಯಾವಾಗ ಆದ್ನಿ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಮುಖಕ್ಕೆ ಸುತ್ತಿದ್ದೆಲ್ಲ ಪರದೆ. ಹೊಳಿಯವ್ವ ಬಿದ್ದು ಬಿದ್ದು ನಕ್ಕಳು, ಮನೆಯ ಕಟ್ಟೆಯ ಮೇಲಿದ್ದ ಇಸಾಕಸಾಬರೂ ನಕ್ಕರು. ಮೆಹನಾಜಳಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅಷ್ಟು ಮಾತಾಡಿದ್ದಕ್ಕೆ ಸಿಕ್ಕಿದ್ದು ಮೂಕಿ ಎಂಬ ಬಿರುದು, ಅದೂ ಹೆಸರಿಲ್ಲದೆ! ಸುನಿತಾಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು.

"ಯಾಕ್ರಿ ಮೇಡಂ, ಫೋಟೊದಾಗ ಹೊಳಿಯವ್ವ ಅದಾಳ, ನನ್ನ ಹೆಸರು ಎಲ್ಲಿ ಹೋತು?"

ಫೋಟೊ ಅದಲುಬದಲಾದದ್ದು ಕೇಳಿ ಸುನಿತಾ ಪೇಚಾಡಿದಳು. "ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟೆ, ಮೆಹನಾಜ. ಹಾಕಿದ್ದರೆ ನಿಮಗೆ ತೊಂದರೆಯಾಗುತ್ತಿತ್ತಲ್ಲ? ನಿಮ್ಮ ಮನೆಯ ಗಂಡಸರು ಒಪ್ಪುತ್ತಿದ್ದರಾ?"

ಇಸಾಕಸಾಬರ ನಗು ನಿಂತಿತು. "ಏನಂತ ಮಾತಾಡ್ತಾರ ಇವ್ರು! ನಾವೇನು ಹುಲಿ ಅದೀವೇನು?"

ಮೆಹನಾಜ ಮಾವನತ್ತ ತಿರುಗಿದಳು. "ಅವರು ಕೇಳಿದ್ದು ಸುಳ್ಳೇನ್ರಿ, ಅಬ್ಬಾ?"

ಮುದುಕರು ಗಡ್ಡ ನೀವಿಕೊಂಡರು. ಅವರಿಗೆ ನಾಚಿಕೆಯಾದದ್ದು ಅವಳಿಗೆ ಕಂಡಿತು, ಪಾಪ ಅನ್ನಿಸಿತು. ಆದರೂ ಕಣ್ಣು ಕೀಳಲಿಲ್ಲ. ಕಡೆಗೆ ಅವರೇ ಫೋನಿನತ್ತ ಬಾಗಿದರು.

"ಶುಕ್ರವಾರ ಮತ್ತ ಬರ್ರಿ, ತಂಗಿ. ಈ ಸಲ ಮಾರಿ ನೋಡಿ ಫೋಟೊ ತಗೀರಿ. ಹೆಸರು ಹಾಕೂದೋ ಬಿಡೂದೋ ಅಂತ ಯಾರನ್ನೂ ಕೇಳಬ್ಯಾಡ್ರಿ. ನನ್ನ ಸೊಸಿ ಹೆಸರು ಗಿರಣಿ ಬಾಗಲ ಮ್ಯಾಲೆ ಬರೆದಿರ್ತೈತಿ, ದೊಡ್ಡ ಅಕ್ಷರದಾಗ. ಓದಿಕೊಳ್ರಿ."