ಎಡಗಡೆಯ ಪೆಟ್ಟಿಗೆ

"ಈಗ?" ಎಂದು ಟಿ.ವಿ.ಯ ಹಿಂದಿನಿಂದ ರಿಪೇರಿಯವನ ದನಿ ಬಂತು. ತಲೆ ಕಾಣುತ್ತಿರಲಿಲ್ಲ, ಬಾಗಿದ ಬೆನ್ನು, ಒಡೆದ ಎರಡು ಹಿಮ್ಮಡಿ, ಅಷ್ಟೇ.

"ಇಲ್ಲಪ್ಪ," ಎಂದ ಮನೆಯ ಯಜಮಾನ, ಸೋಫಾದ ನಟ್ಟನಡುವೆ ಕೂತಲ್ಲಿಂದಲೇ. "ಅದೇ ರಾಗ. ಎಲ್ಲಾ ಸದ್ದೂ ಬಲಗಡೆಗೇ ಬಂದು ಬೀಳ್ತಿದೆ."

ರಿಪೇರಿಯವನು ಬರುತ್ತಿದ್ದದ್ದು ಇದು ಮೂರನೆಯ ಸಲ. ಮೊದಲ ಸಲ ಬಂದು ತಂತಿ ಬದಲಿಸಿದ್ದ. ಎರಡನೆಯ ಸಲ ಹಿಂದಿನ ಗೋಡೆಯ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಅದಲುಬದಲು ಮಾಡಿ ನೋಡಿದ್ದ. ಎಡಗಡೆ ಮೂಕವಾಗಿ ಕೂತಿದ್ದದ್ದು ಬಲಕ್ಕೆ ಹೋದದ್ದೇ ಬಾಯಿ ಬಿಟ್ಟಿತು; ಬಲಗಡೆ ಹಾಯಾಗಿ ಮಾತಾಡಿಕೊಂಡಿದ್ದದ್ದು ಎಡಕ್ಕೆ ಬಂದು ಬಾಯಿ ಮುಚ್ಚಿಕೊಂಡಿತು. ಹಾಗಿದ್ದರೆ ತಪ್ಪು ಪೆಟ್ಟಿಗೆಗಳದ್ದಲ್ಲ, ಅವಕ್ಕೆ ಸದ್ದು ಕಳಿಸುವ ರಿಸೀವರಿನದೇ ಎಂದು ಯಜಮಾನ ತೀರ್ಪು ಕೊಟ್ಟ. ರಿಪೇರಿಯವನು ಅದನ್ನು ಅಂಗಡಿಗೆ ಹೊತ್ತೊಯ್ದು, ನಾಲ್ಕು ದಿನ ಇಟ್ಟುಕೊಂಡು, ಏನೂ ತೊಂದರೆಯಿಲ್ಲವೆಂದು ಈ ಭಾನುವಾರ ಮಧ್ಯಾಹ್ನ ವಾಪಸು ತಂದಿದ್ದ.

ಯಜಮಾನನಿಗೆ ಈ ಸೆಟ್ಟಿನ ಹುಚ್ಚು ಹಿಡಿಸಿದ್ದು ಫೋನಿನಲ್ಲಿ ಕಂಡ ಒಂದು ಪುಟ. ಅದು ಈ ರಿಸೀವರನ್ನು ಕೊಂಡವರು ತಮ್ಮ ತಮ್ಮ ಅನುಭವ ಬರೆದುಕೊಳ್ಳುವ ಜಾಗ. ಐದು ಪೆಟ್ಟಿಗೆಗಳಿಗೆ ಬೇರೆ ಬೇರೆ ಸದ್ದು ಹಂಚಿ, ಕೂತವನ ಸುತ್ತ ಸದ್ದನ್ನು ತಿರುಗಿಸುವ ಯಂತ್ರ. ಹೆಲಿಕಾಪ್ಟರು ನಮ್ಮ ತಲೆಯ ಸುತ್ತ ಒಂದು ಸುತ್ತು ಹಾಕಿ ಅಡುಗೆಮನೆ ಕಡೆ ಹೋಯಿತೆಂದು ಒಬ್ಬ ಬರೆದಿದ್ದ. ನಮ್ಮ ಬೆಕ್ಕು ಸೋಫಾದ ಹಿಂದೆ ಹೋಗಿ ಹಕ್ಕಿಯನ್ನು ಹುಡುಕಿತೆಂದು ಇನ್ನೊಬ್ಬಳು. ಊಟದ ಹೊತ್ತಿಗೆ ಅವನ್ನು ಹೆಂಡತಿಗೆ ಪಾರಾಯಣದ ಹಾಗೆ ಓದಿ ಹೇಳುತ್ತಿದ್ದ. ಕೊಂಡ ಮೇಲೆ ತಾನೂ ಬರೆದ: ಸದ್ದು ಸುತ್ತುವುದಿಲ್ಲ, ಬಲಗಡೆಯೇ ನಿಂತುಬಿಡುತ್ತದೆ, ಯಾರೂ ಮೋಸ ಹೋಗಬೇಡಿ. ಮುಖ ಕಾಣದ ಹತ್ತಾರು ಜನ ಉತ್ತರ ಕೊಟ್ಟರು. ತಂತಿ ನೋಡಿ, ಸೆಟ್ಟಿಂಗ್ ನೋಡಿ, ಕೂರುವ ಜಾಗ ನೋಡಿ. ಎಲ್ಲವನ್ನೂ ಓದಿ ಹೇಳಿದ. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೆಂಡತಿ ಫೋನು ಚಾರ್ಜಿಗೆ ಹಾಕುವಾಗ ಕಂಡಳು. "ಮನೆಯ ಬೇರೆಯವರಿಗೆ ಕೇಳಿಸುತ್ತಿದೆಯೇ?" ಎಂದಷ್ಟೇ ಇತ್ತು.

ಅವಳಿಗೆ ಕೇಳಿಸುತ್ತಿತ್ತು. ಮೊದಲ ದಿನವೇ ಹಾಗೆಂದಿದ್ದಳು ಕೂಡ. ನಿನ್ನ ಜಾಗ ಬೇರೆ, ನಡುವೆ ಕೂತವನಿಗೇ ಗೊತ್ತಾಗುವುದು ಎಂದು ಅವನು ಸಿಡುಕಿದ್ದ. ಸಿಡುಕುವ ಗಂಡಸಲ್ಲ ಅವನು. ಆಮೇಲೆ ಅವಳು ಆ ಮಾತೆತ್ತಿರಲಿಲ್ಲ.

ಅವನ ಕೆಲಸ ರೈಲು ಹಳಿಯ ಮೇಲೆ. ಹಳಿ ರಿಪೇರಿ ಮಾಡುವ, ಮೇಸ್ತ್ರಿಯೂ ಸೇರಿ ಆರು ಜನರ ಗ್ಯಾಂಗಿಗೆ ಅವನು ಕಾವಲು. ಅವರು ತಲೆ ಬಗ್ಗಿಸಿ ಜಲ್ಲಿ ತುಂಬುವಾಗ, ಬೋಲ್ಟು ಬಿಗಿಯುವಾಗ, ಇವನು ದಿಬ್ಬದ ಮೇಲೆ ನಿಂತು ಗಾಡಿ ಬರುವುದನ್ನು ಕಾಯಬೇಕು. ಈಗ ಕೆಲಸ ನಡೆಯುತ್ತಿದ್ದದ್ದು ಊರಾಚೆಯ ತಿರುವಿನಲ್ಲಿ. ಎರಡೂ ಕಡೆ ಎತ್ತರದ ಮಣ್ಣಿನ ಗೋಡೆ. ಗಾಡಿ ಕಣ್ಣಿಗೆ ಬೀಳುವಷ್ಟರಲ್ಲಿ ಮೈಮೇಲೇ ಬಂದಿರುತ್ತದೆ. ಹಾಗಾಗಿ ಅಲ್ಲಿ ಕಾಯುವುದೆಲ್ಲ ಕಿವಿಯಿಂದ. ಎಡದಿಂದ ಬರುವ ಗಾಡಿ ಈಚೆಯ ಹಳಿಯ ಮೇಲೆ, ಬಲದಿಂದ ಬರುವುದು ಆಚೆಯ ಹಳಿಯ ಮೇಲೆ. ಯಾವ ಕಡೆಯಿಂದ ಸದ್ದೋ ಆ ಕಡೆಗೆ ಬಾವುಟ ಚಾಚಿ ಸೀಟಿ ಊದಿದರೆ ಗ್ಯಾಂಗಿನವರು ಗಾಡಿಯಿಲ್ಲದ ಹಳಿಗೆ ಸರಿದು ನಿಲ್ಲುತ್ತಾರೆ. ದಿಕ್ಕು ಸರಿಯೇ ಎಂದು ಅವರು ನೋಡುವುದಿಲ್ಲ. ನೋಡುವುದು ಅವರ ಕೆಲಸವಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇವನ ಕಾವಲಿನಲ್ಲಿ ಒಬ್ಬನ ಉಗುರೂ ಒಡೆದಿರಲಿಲ್ಲ.

ಆ ಆರು ಜನರಲ್ಲಿ ಒಬ್ಬ ಅವನ ಹೆಂಡತಿಯ ತಮ್ಮ.

ತಮ್ಮ ಆ ಮಧ್ಯಾಹ್ನ ಅಲ್ಲೇ ಇದ್ದ. ಅಕ್ಕನ ಮನೆಯಲ್ಲಿ ಹೊಟ್ಟೆ ಬಿರಿಯುವ ಹಾಗೆ ಉಂಡು, ನೆಲದ ಮೇಲೆ ದಿಂಬು ಹಾಕಿಕೊಂಡು ಮಲಗಿ ಭಾವನನ್ನು ಕೆಣಕುತ್ತಿದ್ದ.

"ಎಡಗಡೆ ಅಕ್ಕ ಕೂರ್ತಾಳಲ್ಲ ಭಾವ. ಆ ಕಡೆಗೆ ಅವಳೊಬ್ಬಳೇ ಸಾಕು ಅಂತ ಪೆಟ್ಟಿಗೆ ಸುಮ್ಮನಾಗಿರತ್ತೆ."

"ನಿನ್ನ ಬಾಯಿಗೊಂದು ವಾಲ್ಯೂಮ್ ಗುಂಡಿ ಇಟ್ಟಿದ್ರೆ ದೇವರಿಗೆ ಪುಣ್ಯ ಬರ್ತಿತ್ತು ಕಣೋ," ಎಂದ ಭಾವ.

ಊಟದ ಹೊತ್ತಿನಲ್ಲೂ ತಮ್ಮನ ಬಾಯಿ ಹೀಗೇ ಓಡಿತ್ತು. ಮೊನ್ನೆ ಮಂಗಳವಾರದ ಕಥೆ ಹೇಳಿದ್ದ. ಭಾವ ಸೀಟಿ ಊದಿ ಬಾವುಟವನ್ನು ಬಲಕ್ಕೆ ಚಾಚಿದರಂತೆ. ಎಲ್ಲರೂ ಈಚೆಯ ಹಳಿಗೆ ಬಂದು, ಬೀಡಿ ಹಚ್ಚಿಕೊಳ್ಳೋಣವೆಂದು ಕಡ್ಡಿ ಗೀರುವಷ್ಟರಲ್ಲಿ ಗಾಡಿ ಎಡದಿಂದ ಬಂದೇ ಬಂತಂತೆ. ಆರು ಜನವೂ ಕಪ್ಪೆಗಳ ಹಾಗೆ ಹಾರಿದರಂತೆ. ಮೇಸ್ತ್ರಿಯ ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲವಂತೆ. ಗಾಳಿಯ ಆಟ ಎಂದು ಮೇಸ್ತ್ರಿಯೇ ಆಮೇಲೆ ಸಮಾಧಾನ ಹೇಳಿದನಂತೆ. ತಮ್ಮ ಹೇಳಿದ ರೀತಿಗೆ ಅಕ್ಕನೂ ನಕ್ಕಿದ್ದಳು. ಭಾವ ಮಾತ್ರ ತಟ್ಟೆಯಿಂದ ಕಣ್ಣೆತ್ತಿರಲಿಲ್ಲ.

ರಿಪೇರಿಯವನು ಟಿ.ವಿ.ಯ ಹಿಂದಿನಿಂದ ಎದ್ದು, ರಿಸೀವರಿನ ಜೊತೆಗೆ ಬಂದಿದ್ದ ಪುಟ್ಟ ಮೈಕು ಎಲ್ಲಿ ಎಂದು ಕೇಳಿದ. ಅದು ಪ್ಲಾಸ್ಟಿಕ್ ಚೀಲದಿಂದ ಹೊರಬಂದೇ ಇರಲಿಲ್ಲ. ಹೆಬ್ಬೆಟ್ಟಿನಷ್ಟು ದೊಡ್ಡದು. ಯಜಮಾನನನ್ನು ಎಬ್ಬಿಸಿ, ಅವನ ತಲೆ ಇರುತ್ತಿದ್ದ ಎತ್ತರಕ್ಕೆ ಅದನ್ನು ಒಂದು ಕೋಲಿನ ಮೇಲೆ ನಿಲ್ಲಿಸಿದ. ಇದು ಯಂತ್ರದ ಕಿವಿ, ಎಲ್ಲರೂ ಸ್ವಲ್ಪ ಸುಮ್ಮನಿರಬೇಕು ಎಂದ. ನಾಲ್ವರೂ ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತರು. ಪೆಟ್ಟಿಗೆಗಳು ಒಂದಾದ ಮೇಲೊಂದು, ದೊಡ್ಡ ಹಕ್ಕಿ ರೆಕ್ಕೆ ಬೀಸಿದ ಹಾಗೆ, ಉಸ್ಸೆಂದವು. ಎಡಗಡೆಯ ಪೆಟ್ಟಿಗೆಯೂ ಉಸ್ಸೆಂದಿತು. ಟಿ.ವಿ.ಯ ಮೇಲೆ ಐದು ಪೆಟ್ಟಿಗೆಗಳ ಲೆಕ್ಕವೂ ಸರಿ ಎಂದು ಬಂತು.

"ಯಂತ್ರದ ತಪ್ಪನ್ನ ಯಂತ್ರಾನೇ ಕೇಳಿದ್ರೆ ಇನ್ನೇನು ಹೇಳತ್ತೆ?" ಎಂದ ಯಜಮಾನ. "ಒಂದೇ ತಾಯಿ ಮಕ್ಕಳು."

ಆಗ ತಮ್ಮನಿಗೊಂದು ಆಟ ಹೊಳೆಯಿತು. ಭಾವನನ್ನು ಮೈಕಿನ ಜಾಗದಲ್ಲಿ ಕೂರಿಸಿ, ಕಣ್ಣಿಗೆ ಟವೆಲು ಕಟ್ಟಿದ. ಯಾವ ಪೆಟ್ಟಿಗೆ ಸದ್ದು ಮಾಡುತ್ತದೋ ಅದನ್ನು ಬೆರಳಿನಿಂದ ತೋರಿಸಬೇಕು. ರಿಪೇರಿಯವನು ರಿಮೋಟು ಹಿಡಿದು ಒಂದೊಂದನ್ನೇ ಬಿಟ್ಟ.

ಬಲಗಡೆಯದು ಉಸ್ಸೆಂದಿತು, ಬೆರಳು ಬಲಕ್ಕೆ ಹೋಯಿತು. ಎದುರಿನದು ಉಸ್ಸೆಂದಿತು, ಬೆರಳು ಬಲಕ್ಕೆ. ಎಡಗಡೆಯದಕ್ಕೂ ಬಲಕ್ಕೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ನಾಟಕ ಸಾಕು, ಕಂಪನಿಯವರು ಹೊಸ ಸೆಟ್ಟು ಕೊಡಲ್ಲ," ಎಂದ. ರಿಪೇರಿಯವನು ನಗಲಿಲ್ಲ. ರಿಮೋಟನ್ನೊಮ್ಮೆ ನೋಡಿ, ಮೆತ್ತಗೆ, "ಸಾರ್, ಹಾಗೇ ಒಂದ್ಸಲ ಹಿಂದಕ್ಕೆ ತಿರುಗಿ ಕೂತ್ಕೊಳ್ಳಿ," ಎಂದ.

ಯಜಮಾನ ಟವೆಲಿನ ಸಮೇತ ಹಿಂದಿನ ಗೋಡೆಗೆ ಮುಖ ಮಾಡಿ ಸೋಫಾದ ಮೇಲೆ ಮಂಡಿಯೂರಿದ. ಇದುವರೆಗೆ ಮೂಕವಾಗಿದ್ದ ಎಡಗಡೆಯ ಪೆಟ್ಟಿಗೆ ಈಗ ಅವನ ಬಲಗೈಯ ಕಡೆ ಇತ್ತು. ಅದು ಉಸ್ಸೆಂದದ್ದೇ ಅವನ ಮುಖ ಅರಳಿತು.

"ಅಗೋ, ಬಂತು ನೋಡು! ರಿಪೇರಿ ಆಯ್ತಲ್ಲಪ್ಪ."

ರಿಪೇರಿಯವನು ಇನ್ನೊಂದನ್ನು ಬಿಟ್ಟ. ಚೆನ್ನಾಗಿ ಮಾತಾಡುತ್ತಿದೆ ಎಂದು ಯಜಮಾನನೇ ಹೊಗಳುತ್ತಿದ್ದ ಬಲಗಡೆಯ ಪೆಟ್ಟಿಗೆ ಅದು; ಈಗ ಅವನ ಎಡಗೈಯ ಕಡೆ ಇತ್ತು. ಅವನ ಬೆರಳು ಮೊದಲು ತೋರಿಸಿದ್ದನ್ನೇ ತೋರಿಸುತ್ತಾ ನಿಂತಿತು. ಇನ್ನೊಂದು ಸಲ ಬಿಟ್ಟ. ಬೆರಳು ಕದಲಲಿಲ್ಲ.

ತಮ್ಮನ ನಗು ಎಲ್ಲೋ ನಡುವೆ ನಿಂತುಹೋಗಿತ್ತು. ಅವನು ಎದ್ದು ಕೂತಿದ್ದ. ಅಕ್ಕ ಅವನ ಮುಖ ನೋಡಿದಳು. ಅಲ್ಲಿ ಮಂಗಳವಾರದ ಗಾಡಿ ಮತ್ತೊಮ್ಮೆ ಹಾದುಹೋಗುತ್ತಿತ್ತು.

ಯಜಮಾನ ಟವೆಲನ್ನು ತಾನೇ ಬಿಚ್ಚಿದ. ತನ್ನ ಬೆರಳನ್ನು ನೋಡಿದ, ಅದು ತೋರಿಸುತ್ತಿದ್ದ ಪೆಟ್ಟಿಗೆಯನ್ನು ನೋಡಿದ. ಆಮೇಲೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತ.

ರಿಪೇರಿಯವನು ಮೈಕನ್ನು ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟುವಾಗ ಬಾಗಿಲ ಬಳಿ ಹೆಂಡತಿಗೆ ಹೇಳಿದ: "ಅಕ್ಕಾ, ಮೆಷಿನ್‌ಗೆ ಏನೂ ಆಗಿಲ್ಲ. ಸದ್ದು ಕೇಳೋಕೆ ಒಂದು ಕಿವಿ ಸಾಕು. ಅದು ಎಲ್ಲಿಂದ ಬಂತು ಅಂತ ಗೊತ್ತಾಗೋಕೆ ಎರಡು ಬೇಕು. ಡಾಕ್ಟರಿಗೆ ತೋರಿಸಿ." ಒಂದು ಮೆಟ್ಟಿಲಿಳಿದು ತಿರುಗಿ ಕೇಳಿದ, "ಅವರು ಏನು ಕೆಲಸ ಮಾಡೋದು?"

"ಕೇಳಿಸಿಕೊಳ್ಳೋ ಕೆಲಸ," ಎಂದಳು ಅವಳು.

ಒಳಗೆ ಮೂವರೇ ಉಳಿದಾಗ ಯಜಮಾನ ನಿಧಾನವಾಗಿ ಎಲ್ಲ ಹೇಳಿದ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಎಡಗಿವಿಗೆ ಹತ್ತಿ ತುರುಕಿದ ಹಾಗಿತ್ತು. ಸ್ನಾನದ ನೀರು ಹೋಗಿರಬೇಕೆಂದು ಎಣ್ಣೆ ಬಿಟ್ಟುಕೊಂಡ. ಹತ್ತಿ ಹೋಗಲಿಲ್ಲ, ಅದರ ಒಳಗೊಂದು ಜೀರುಂಡೆ ಬಂದು ಕೂತ ಹಾಗೆ ಜೀಂಗುಟ್ಟುವ ಸದ್ದು ಶುರುವಾಯಿತು. ವರ್ಷಕ್ಕೊಮ್ಮೆ ನಡೆಯುವ ಕಿವಿಯ ಪರೀಕ್ಷೆ ಆಗಲೇ ಮುಗಿದಿತ್ತು. ಮುಂದಿನದಕ್ಕೆ ಎಂಟು ತಿಂಗಳಿತ್ತು. ಅಷ್ಟರಲ್ಲಿ ಸರಿಹೋಗುತ್ತದೆ ಎಂದುಕೊಂಡ.

"ಮೆಷಿನ್ನೇ ಕೆಟ್ಟಿರಲಿ ದೇವರೇ ಅಂತ ದಿನಾ ಕೇಳ್ಕೊಳ್ತಿದ್ದೆ ಕಣೇ," ಎಂದ. "ಅವನು ಸಲಕರಣೆ ಚೀಲ ಬಿಚ್ಚಿದಾಗಲೆಲ್ಲ, ಏನಾದರೂ ಸುಟ್ಟಿರಲಿ, ಏನಾದರೂ ಕಳಚಿರಲಿ ಅಂತ."

ಗೊತ್ತಾದರೆ ಸೀಟಿ ಕಿತ್ತುಕೊಳ್ಳುತ್ತಾರೆ. ಉಗ್ರಾಣದಲ್ಲಿ ಕೂರಿಸಿ ಬೆಳಿಗ್ಗೆ ಸನಿಕೆ ಕೊಡುವುದು, ಸಂಜೆ ಸನಿಕೆ ತೆಗೆದಿಡುವುದು, ಅಷ್ಟೇ ಕೆಲಸ ಕೊಡುತ್ತಾರೆ. ಅವನು ಕಾದ ಜನರೇ ಅವನೆದುರು ದಿನಾ ಕೈಯೊಡ್ಡಿ ನಿಲ್ಲುತ್ತಾರೆ, ಕನಿಕರದಿಂದ ನೋಡುತ್ತಾ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ತಮ್ಮ ನೆಲದ ಮೇಲಿನ ದಿಂಬನ್ನು ಎತ್ತಿ ಗೋಡೆಗೆ ಒರಗಿಸಿದ. ಅವನನ್ನು ಈ ಕೆಲಸಕ್ಕೆ ಸೇರಿಸಿದ್ದೇ ಭಾವ. ಮೊದಲ ದಿನ ಹಾರೆ ಹಿಡಿಯುವುದನ್ನು ಕಲಿಸಿದ್ದೂ ಅವನೇ.

"ತಿರುವಿನ ಕೆಲಸ ಇನ್ನು ಹತ್ತು ದಿನ," ಎಂದ ತಮ್ಮ. "ಆಮೇಲೆ ಬಯಲು, ನೇರ ದಾರಿ. ಅಲ್ಲಿ ಕಣ್ಣೇ ಸಾಕು. ಅಲ್ಲೀವರೆಗೆ ನಾನೂ ಒಂದು ಕಿವಿ ಇಟ್ಟಿರ್ತೀನಿ ಬಿಡಿ. ನಿಮ್ಮದೊಂದು, ನಂದೊಂದು. ಎರಡಾಯ್ತಲ್ಲ ಭಾವ."

"ಸುತ್ತಿಗೆ ಹೊಡೀತಾ ಇರೋವಾಗ ನಿನ್ನ ಕಿವಿಗೆ ಏನು ಕೇಳತ್ತೋ?" ಎಂದಳು ಅಕ್ಕ.

"ಕೇಳತ್ತೆ ಬಿಡಕ್ಕ." ಅವನು ಅವಳ ಕಡೆ ನೋಡಲಿಲ್ಲ.

ಮೇಸ್ತ್ರಿಯ ಕಿವಿಗೆ ಬೀಳದಿರಲಿ ಎಂದು ಗಂಡ ಕೇಳಿಕೊಂಡ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಗಂಡಸರಿಬ್ಬರೂ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡರು. ಗಂಡ ರಿಸೀವರನ್ನು ಆರಿಸಿ, ಅದರ ಮೇಲೊಂದು ಹಳೆಯ ಹೊದಿಕೆ ಹಾಕಿದ. ಬಟ್ಟೆಯ ಅಡಿಯಲ್ಲಿ ಅದರ ಕೆಂಪು ದೀಪದ ಚುಕ್ಕೆ ಹಾಗೇ ಉಳಿದಿತ್ತು.

ಬೆಳಿಗ್ಗೆ ಅವರಿಬ್ಬರೂ ಎಂದಿನಂತೆ ಹೊರಟರು. ಅವಳು ಪಾತ್ರೆ ತೊಳೆದು, ನೆಲ ಒರೆಸಿ, ದೇವರ ಮುಂದೆ ನಿಂತಳು. ಏನು ಬೇಡಬೇಕೆಂದು ತೋಚಲಿಲ್ಲ. ಗಂಡನ ಮಾನ ಉಳಿಸು ಎನ್ನಲು ಹೋದರೆ ತಮ್ಮನ ಮುಖ ಬರುತ್ತಿತ್ತು. ತಮ್ಮನನ್ನು ಕಾಯಿ ಎನ್ನಲು ಹೋದರೆ, ನಾಲ್ಕು ಮಡಿಕೆ ಮಾಡಿದ ಟವೆಲಿನ ಮೇಲೆ ಕೈಯಿಟ್ಟು ಕೂತ ಗಂಡ. ದೇವರಾದರೂ ಎರಡನ್ನೂ ಒಟ್ಟಿಗೆ ಕೊಡುವುದು ಹೇಗೆ? ದೂರದಲ್ಲಿ ಗಾಡಿಯೊಂದು ಕೂಗಿತು. ತಾನು ಉಸಿರು ಹಿಡಿದು ನಿಂತದ್ದು ಅದು ಹಾದುಹೋದ ಮೇಲೆಯೇ ಅವಳಿಗೆ ಗೊತ್ತಾದದ್ದು. ಕೈಮುಗಿದದ್ದನ್ನು ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಹೊರಟಳು.

ತಿರುವಿಗೆ ಅರ್ಧ ಗಂಟೆಯ ದಾರಿ. ಹೋಗಿ ಏನು ಹೇಳುವುದು, ಯಾರಿಗೆ ಹೇಳುವುದು ಎಂದು ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಕಾಲು ನಿಂತುಬಿಡುತ್ತಿತ್ತು.

ದಿಬ್ಬದ ಕಾಲುದಾರಿ ಹತ್ತಿದಾಗ ಕೆಳಗೆ ಗ್ಯಾಂಗು ಕಂಡಿತು. ಐದು ಬೆನ್ನುಗಳು ಬಾಗಿದ್ದವು. ಆರನೆಯವನು, ಅವಳ ತಮ್ಮ, ಸುತ್ತಿಗೆಯನ್ನು ನೆಲಕ್ಕೂರಿ ನೆಟ್ಟಗೆ ನಿಂತು ಗಾಳಿಗೆ ಕಿವಿ ಕೊಟ್ಟಿದ್ದ. ಮೇಸ್ತ್ರಿ ಏನೋ ಗದರಿದ. ತಮ್ಮ ಇನ್ನೂ ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ಸುತ್ತಿಗೆಯೆತ್ತಿ ಬಾಗಿದ. ಏಟುಗಳ ಸದ್ದು ಮಣ್ಣಿನ ಗೋಡೆಗಳಿಗೆ ಬಡಿದು ತುಂಬಿಕೊಂಡಿತು.

ಅವಳ ಗಂಡ ದಿಬ್ಬದ ತುದಿಯಲ್ಲಿ ಬೆನ್ನು ಮಾಡಿ ನಿಂತಿದ್ದ, ಸೀಟಿಯನ್ನು ತುಟಿಗೆ ಹಚ್ಚಿಕೊಂಡು, ಬಾವುಟವನ್ನು ಎರಡೂ ಕೈಗಳಲ್ಲಿ ಎದೆಗೊತ್ತಿಕೊಂಡು. ಕಾಲುದಾರಿ ಅವನ ಎಡಬದಿಗೆ ಹೋಗಿ ಸೇರುತ್ತಿತ್ತು. ಅವಳ ಚಪ್ಪಲಿಯ ಕೆಳಗೆ ಜಲ್ಲಿ ಕರಕರ ಎಂದಿತು. ಅವನು ತಿರುಗಲಿಲ್ಲ. ಹತ್ತು ಹೆಜ್ಜೆ ಉಳಿಯಿತು, ಐದು ಹೆಜ್ಜೆ ಉಳಿಯಿತು. ಕೈ ಚಾಚಿದರೆ ಅವನ ಎಡಭುಜ ಸಿಗುವಷ್ಟು ಹತ್ತಿರ ಬಂದು ಅವಳು ನಿಂತಳು.

"ರೀ," ಎಂದು ಕೂಗಿದಳು, ಕೆಳಗಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅವನು ಬೆಚ್ಚಿ, ಬಲಕ್ಕೆ ತಿರುಗಿದ.

ಕೆಳಗೆ ಸುತ್ತಿಗೆಗಳು ಒಂದೊಂದಾಗಿ ನಿಂತವು. ಮೇಸ್ತ್ರಿ ನಡು ನೆಟ್ಟಗೆ ಮಾಡಿ, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಉಳಿದವರೂ ನೋಡಿದರು. ತಮ್ಮನೊಬ್ಬ ಜಲ್ಲಿಯ ಕಡೆ ತಲೆ ತಗ್ಗಿಸಿದ. ದಿಬ್ಬದ ಮೇಲೆ ಅವಳ ಗಂಡ ಬಾವುಟವನ್ನು ಒಂದು ಕೈಗೆ ಬದಲಿಸಿಕೊಂಡು, ಕರೆದವರು ಯಾರೆಂದು ಬಲಗಡೆಯ ಖಾಲಿ ಪೊದೆಗಳಲ್ಲಿ ಇನ್ನೂ ಹುಡುಕುತ್ತಿದ್ದ.