ಹನುಮ ಕೇಳಿ ಪಡೆದ ಹೆಸರು

ಡಾಕ್ಟರ್ ರಾಯ್ಸ್ಟನ್ ವಾಕರ್ ತೀರಿಕೊಂಡದ್ದು 2016ರ ಮಾರ್ಚ್‌ನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ನೈರೋಬಿಯ ಹರ್ಲಿಂಗ್‌ಹ್ಯಾಮ್‌ನ ತನ್ನ ಕ್ಲಿನಿಕ್ಕಿಗೆ ಹೊರಡಲು ಷೂ ಕಟ್ಟಿಕೊಳ್ಳುತ್ತಿದ್ದಾಗ. ಒಂದು ಕಾಲಿನದು ಕಟ್ಟಿಯಾಗಿತ್ತು. ಹೆಂಡತಿ ವಿಮಲಾ ಅಡುಗೆಮನೆಯಿಂದ ಬರುವಷ್ಟರಲ್ಲಿ ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿದ್ದ.

ಮೂರು ವಾರ ಕಳೆದರೂ ವಿಮಲಾ ಅತ್ತಿರಲಿಲ್ಲ. ಚರ್ಚಿನಲ್ಲಿ, ಸಮಾಧಿಯ ಬಳಿ, ತಾನು ಸಂಖ್ಯಾಶಾಸ್ತ್ರ ಕಲಿಸುವ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಕೈ ಹಿಡಿದು ಸ್ವಾಹಿಲಿಯಲ್ಲಿ ‘ಪೋಲೆ ಸಾನಾ’ ಎಂದು ಮರುಗಿದರು. ಅವಳು ‘ಅಸಾಂಟೆ’ ಎಂದು ಧನ್ಯವಾದ ಹೇಳಿ ಕೈ ಬಿಡಿಸಿಕೊಂಡಳು. ಒಂದು ಪಾಠವನ್ನೂ ತಪ್ಪಿಸಲಿಲ್ಲ. ಊಟ ಮಾಡಿದ್ದು ನೆನಪಿರುತ್ತಿರಲಿಲ್ಲ, ಆದರೆ ತೊಳೆದ ತಟ್ಟೆ ಜಾಲರಿಯ ಮೇಲಿರುತ್ತಿತ್ತು.

ಆಗ ಆ ಫೋನ್ ಬಂತು. ವಯಸ್ಸಾದ ಇಂಗ್ಲಿಷಿನವನ ದನಿ. ಪೇಪರಿನಲ್ಲಿ ಸಾವಿನ ಸುದ್ದಿ ನೋಡಿದೆ, ನನ್ನ ಹೆಸರೂ ವಾಕರ್, ಚಹಾ ಕಂಪನಿಯಲ್ಲಿದ್ದು ನಿವೃತ್ತನಾದವನು, ಇಲ್ಲೇ ನೈರೋಬಿಯ ರುಂಡಾದಲ್ಲಿದ್ದೇನೆ, ನಿಮ್ಮ ಮನೆತನಕ್ಕೆ ಸೇರಿದ ಒಂದು ಕಾಗದ ನನ್ನ ಹತ್ತಿರವಿದೆ, ನಡೆಯುವುದು ಕಷ್ಟ, ದಯವಿಟ್ಟು ನೀವೇ ಬರುವಿರಾ ಎಂದ.

ವಿಮಲಾಗೆ ಹೋಗಬೇಕೆಂದೂ ಅನ್ನಿಸಲಿಲ್ಲ, ಬೇಡವೆಂದೂ ಅನ್ನಿಸಲಿಲ್ಲ. ಕಿಲಿಮಾನಿಯಲ್ಲಿ ಫ್ಲಾಟ್ ಮಾಡಿಕೊಂಡಿದ್ದ ಮಗಳು ಅಪೂರ್ವಾ ಶನಿವಾರ ಕಾರು ತಂದಳು. ನೈರೋಬಿಯಲ್ಲೇ ಹುಟ್ಟಿ ಬೆಳೆದವಳು; ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

ಗೇಟಿನ ಕಾವಲುಗಾರ ಪುಸ್ತಕದಲ್ಲಿ ಬಂದವರ ಹೆಸರು ‘ವಾಕರ್’ ಎಂದು ಬರೆದ. ಯಾರನ್ನು ನೋಡಲು ಎನ್ನುವ ಕಡೆಯೂ ‘ವಾಕರ್’ ಎಂದೇ ಬರೆಯಬೇಕಾದಾಗ ತಲೆಯೆತ್ತಿ ಇಬ್ಬರ ಮುಖವನ್ನೂ ನೋಡಿ ನಕ್ಕ.

ಮುದುಕ ವರಾಂಡದಲ್ಲಿ ಕೂತಿದ್ದ. ಚಹಾ ತರಿಸಿದ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಹೆಸರಿನಿಂದಲೇ ಶುರುಮಾಡಿದ.

“ವಾಕರ್ ಅಂದರೆ ವಾಕ್ ಮಾಡುವವನು ಅಂತ ಎಲ್ಲರೂ ತಿಳಿಯುತ್ತಾರೆ. ನಡೆಯುವುದು ನಿಜ, ಆದರೆ ರಸ್ತೆಯ ಮೇಲಲ್ಲ. ನಮ್ಮ ಯಾರ್ಕ್‌ಷೈರ್‌ನಲ್ಲಿ ಉಣ್ಣೆಬಟ್ಟೆ ನೇಯ್ದ ಮೇಲೆ ಅದನ್ನು ತೊಟ್ಟಿಯಲ್ಲಿ ನೆನೆಹಾಕಿ ಬರಿಗಾಲಲ್ಲಿ ತುಳಿಯುತ್ತಿದ್ದರು. ಜಿಡ್ಡು ಹೋಗಬೇಕು, ಬಟ್ಟೆ ದಟ್ಟವಾಗಬೇಕು. ಆ ನೀರಿಗೆ ಹಳಸಿದ ಮೂತ್ರ ಬೆರೆಸುತ್ತಿದ್ದರು, ಕ್ಷಮಿಸಿ. ತುಳಿಯುವವನು ವಾಕರ್. ದಕ್ಷಿಣದ ಕಡೆ ಅದೇ ಕೆಲಸದವನನ್ನು ಫುಲ್ಲರ್ ಅಂದರು, ನೈರುತ್ಯದಲ್ಲಿ ಟಕರ್ ಅಂದರು. ಏಳುನೂರು ವರ್ಷದ ಹಿಂದಿನ ಮಾತು. ಆಮೇಲೆ ನೀರಿನ ಗಿರಣಿ ಬಂತು, ಕೆಲಸ ಹೋಯಿತು, ಹೆಸರು ಉಳಿಯಿತು.”

ವಿಮಲಾ ತಲೆಯಾಡಿಸಿದಳು. ಇದನ್ನು ಹೇಳಲು ಕರೆಸಿದನೇ ಎಂದು ಅಪೂರ್ವಾ ತಾಯಿಯ ಕಡೆ ನೋಡಿದಳು.

ವಾಕರ್ ಎಂಬ ಹೆಸರು ವಿಮಲಾಗೆ ಹೊಸದಾಗಿರಲಿಲ್ಲ. ಮೂವತ್ತು ವರ್ಷದ ಹಿಂದೆ ಮೈಸೂರಿಗೆ ಹೆಣ್ಣು ನೋಡಲು ಬಂದಾಗ ರಾಯ್ಸ್ಟನ್‌ನ ತಾಯಿ ಸೋಫಾದ ತುದಿಯಲ್ಲಿ ಕೂತು, “ನಮ್ಮ ಮಾವನವರ ತಂದೆ ಪಕ್ಕಾ ಇಂಗ್ಲಿಷರು. ನಮ್ಮಲ್ಲಿ ಎಲ್ಲರ ಕಣ್ಣೂ ಸ್ವಲ್ಪ ತಿಳಿಬಣ್ಣ” ಎಂದಿದ್ದಳು. ಹೊರಡುವಾಗ, “ಹುಡುಗಿ ಒಂಚೂರು ಕಪ್ಪು, ಪರ್ವಾಗಿಲ್ಲ” ಎಂದೂ ಸೇರಿಸಿದ್ದಳು. ರಾಯ್ಸ್ಟನ್ ಸಹ ಪಾರ್ಟಿಗಳಲ್ಲಿ ಆ ಇಂಗ್ಲಿಷ್ ಮುತ್ತಜ್ಜನ ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದ.

ಮುದುಕ ಒಂದು ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅವನ ಅಜ್ಜನ ತಮ್ಮ ತುಮಕೂರಿನಲ್ಲಿ ಮಿಷನರಿಯಾಗಿದ್ದ. ಮದುವೆಯಿಲ್ಲ. ಇಪ್ಪತ್ತೆಂಟಕ್ಕೇ ಕಾಲರಾದಲ್ಲಿ ತೀರಿಕೊಂಡ. ಅವನು 1896ರಲ್ಲಿ ಅಕ್ಕನಿಗೆ ಬರೆದ ಪತ್ರ ಅದು. ಅಪೂರ್ವಾ ಗಟ್ಟಿಯಾಗಿ ಓದಿದಳು.

‘ನಮ್ಮ ಬಟ್ಟೆ ಒಗೆಯುವ ಹನುಮನಿಗೆ ಇಂದು ದೀಕ್ಷಾಸ್ನಾನವಾಯಿತು. ಬೈಬಲಿನ ಹೆಸರುಗಳ ಪಟ್ಟಿ ಓದಿ ಹೇಳಿದೆ, ಒಂದೂ ಹಿಡಿಸಲಿಲ್ಲ. ನಿಮ್ಮ ಹೆಸರಿಗೆ ಏನರ್ಥ ಎಂದು ಕೇಳಿದ. ಹೇಳಿದೆ. ಬಹಳ ಹೊತ್ತು ನಕ್ಕ. ಹಾಗಾದರೆ ಅದನ್ನೇ ಕೊಡಿ ಸ್ವಾಮಿ, ಹೆಂಗಿದ್ರೂ ಅದು ನಮ್ಮದೇ ಎಂದ. ಕೊಟ್ಟೆ.’

ತೋಟದಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದರು.

“ಆ ಹನುಮನೇ ನಿಮ್ಮ ಯಜಮಾನರ ಮುತ್ತಜ್ಜ. ನಾವು ರಕ್ತಸಂಬಂಧಿಗಳಲ್ಲ ಮಿಸೆಸ್ ವಾಕರ್. ಆಗಿದ್ದರೆ ನನಗೆ ಸಂತೋಷವಾಗುತ್ತಿತ್ತು” ಎಂದ ಮುದುಕ. “ನಿಮ್ಮ ಯಜಮಾನರಿಗೆ ಇದು ಗೊತ್ತಿತ್ತು. 2009ರಲ್ಲಿ ಅವರ ಕ್ಲಿನಿಕ್ಕಿನ ಬೋರ್ಡ್ ನೋಡಿ, ವಿಚಾರಿಸಿ ತುಮಕೂರಿನ ಮನೆತನದವರೆಂದು ತಿಳಿದು ನಾನೇ ಈ ಪತ್ರದ ಪ್ರತಿ ಕಳಿಸಿದ್ದೆ. ಉತ್ತರ ಬರೆದಿದ್ದರು.”

ಮುದುಕ ಮುಂದಿಟ್ಟ ಆ ಉತ್ತರದಲ್ಲಿ ರಾಯ್ಸ್ಟನ್‌ನ ಕೈಬರಹ ಔಷಧಿ ಚೀಟಿಯದಕ್ಕಿಂತ ಸ್ಪಷ್ಟವಾಗಿತ್ತು. ಎರಡೇ ಸಾಲು. ‘ನಾನು ಬದುಕಿರುವವರೆಗೆ ಇದು ನನ್ನ ಮನೆಗೆ ತಲುಪದಿರಲಿ. ಆಮೇಲೆ ನನ್ನ ಹೆಂಡತಿಗೆ ಕೊಡಿ, ಅವಳಿಗೆ ಏನು ಮಾಡಬೇಕೆಂದು ತಿಳಿಯುತ್ತದೆ.’

ಅಪೂರ್ವಾ ಎದ್ದು ಹೋಗಿ ಕಂಬ ಹಿಡಿದು ನಿಂತಳು. ಅವಳ ಭುಜ ಅಲುಗುತ್ತಿತ್ತು. ವಿಮಲಾ ಕಾಗದಗಳನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಬ್ಯಾಗಿನಲ್ಲಿಟ್ಟು, ಚಹಾ ಚೆನ್ನಾಗಿತ್ತು ಎಂದಳು.

ಕಾರಿನಲ್ಲಿ ಅಪೂರ್ವಾ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಹೊರಡದೆ ಕೂತಳು. “ಏಳು ವರ್ಷ, ಅಮ್ಮ! ಸೆವೆನ್ ಇಯರ್ಸ್! ನಿನಗೆ ಕೋಪ ಬರ್ತಿಲ್ವಾ?” ಎಂದು ಎಂದೂ ಇಲ್ಲದಂತೆ ಕನ್ನಡದಲ್ಲಿ ಕೇಳಿದಳು.

“ಬರ್ಬೇಕು ಅಂತ ಗೊತ್ತಾಗ್ತಿದೆ ಕಣೆ. ಬರ್ತಿಲ್ಲ. ಕೈ ಮೇಲೆ ಮಲಗಿ ಎದ್ರೆ ಕೈ ನಮ್ದೇ ಅಲ್ಲ ಅನ್ಸಲ್ವಾ, ಹಾಗಿದೆ. ನಡಿ, ಟ್ರಾಫಿಕ್ ಶುರುವಾಗುತ್ತೆ.”

ದಾರಿಯಲ್ಲಿ ವಿಮಲಾಗೆ ಒಂದು ಹೆಂಗಸಿನ ನೆನಪಾಯಿತು. 2003ರಲ್ಲಿ ಗಂಡನ ಜೊತೆ ತುಮಕೂರಿಗೆ ಹೋಗಿದ್ದಾಗ ಚರ್ಚಿನ ಗೇಟಿನಲ್ಲಿ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟ ಒಬ್ಬಳು ಅವರನ್ನು ತಡೆದು, “ಅಣ್ಣಾ, ನಾನು ಕಮಲಾಕ್ಷಿ. ನಿಮ್ಮ ಮುತ್ತಾತ, ನಮ್ಮ ಮುತ್ತಾತ ಒಡಹುಟ್ಟಿದೋರು” ಎಂದಿದ್ದಳು. ‘ನನ್ನನ್ನ ಬೇರೆ ಯಾರೋ ಅನ್ಕೊಂಡಿದೀರ’ ಎಂದು ರಾಯ್ಸ್ಟನ್ ಕಾರು ಹತ್ತಿದ್ದ. ಅವಳು ಕಿಟಕಿಯ ಹತ್ತಿರ ಬಂದು ವಿಮಲಾಗೆ ಒಂದು ಡಬ್ಬಿ ಕೊಡಲು ಹೋಗಿದ್ದಳು. ಕಾರು ಹೊರಟಿತ್ತು. ಆ ದಿನವೆಲ್ಲ ಅವನು ಮಾತಾಡಿರಲಿಲ್ಲ, ತಲೆನೋವೆಂದಿದ್ದ.

ಸೋಮವಾರ ವಿಮಲಾ ತುಮಕೂರಿನ ಚರ್ಚಿನ ಪಾದ್ರಿಗೆ ಫೋನ್ ಮಾಡಿದಳು. ಅವರು ಇಬ್ಬರು ಮೂವರನ್ನು ವಿಚಾರಿಸಿ ಗುರುವಾರ ಕಮಲಾಕ್ಷಿಯ ನಂಬರ್ ಕಳಿಸಿದರು.

“ಹಲೋ, ನಾನು ನೈರೋಬಿಯಿಂದ ವಿಮಲಾ. ಡಾಕ್ಟರ್ ರಾಯ್ಸ್ಟನ್ ಹೆಂಡತಿ.”

“ಅತ್ತಿಗೇ!” ಎಂದಿತು ಆ ಕಡೆಯ ದನಿ, ನಿನ್ನೆ ಮಾತಾಡಿ ಇಟ್ಟವರಂತೆ. “ಅಣ್ಣ ಚೆನ್ನಾಗವ್ರಾ?”

“ಇಲ್ಲ. ಹೋಗ್ಬಿಟ್ರು. ಒಂದು ತಿಂಗಳಾಯ್ತು.”

ಕಮಲಾಕ್ಷಿ ಅಳತೊಡಗಿದಳು. ಬಾಯಿಬಿಟ್ಟು, ಉಸಿರು ಎಳೆದೆಳೆದು, ತನ್ನ ಗುರುತೇ ಇಲ್ಲವೆಂದ ಮನುಷ್ಯನಿಗಾಗಿ ಅತ್ತಳು. ಯಾರೋ ಏನಾಯಿತೆಂದು ಕೇಳುವುದು, ಅವಳು ‘ನಮ್ಮ ಆಫ್ರಿಕದ ಅಣ್ಣ’ ಎನ್ನುವುದು ಕೇಳಿಸಿತು. ವಿಮಲಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಅಷ್ಟನ್ನೂ ಕೇಳಿದಳು. ಮೂರು ನಿಮಿಷವೋ ನಾಲ್ಕೋ.

“ಅವ್ರು ಅವತ್ತು ಹಂಗೆ ಹೋಗಿದ್ದು ತಪ್ಪು” ಎಂದಳು ಕೊನೆಗೆ. “ಅವ್ರಿಗೂ ಆಮೇಲೆ ಗೊತ್ತಾಯ್ತು. ಹೇಳೋಕೆ ಆಗ್ಲಿಲ್ಲ. ನಾನು ಹೇಳ್ತಾ ಇದೀನಿ.”

“ಬಿಡಿ ಅತ್ತಿಗೆ. ದೊಡ್ಡೋರು ಅಂದ್ಮೇಲೆ ಅವ್ರದೇನೋ ಇರುತ್ತೆ.” ಮೂಗೊರೆಸಿಕೊಂಡಳು. “ನೀವು ಅಳ್ತಾನೇ ಇಲ್ವಲ್ಲ?”

“ಇನ್ನೂ ಬಂದಿಲ್ಲ.”

“ಬರ್ಲಿ ಬಿಡಿ, ಅದರ ಟೈಮಿಗೆ. ಬಂದಾಗ ಫೋನ್ ಮಾಡಿ, ಒಬ್ರೇ ಇರ್ಬೇಡಿ.”

ಫೋನಿಟ್ಟಾಗ ಅಪೂರ್ವಾ ಬಾಗಿಲಲ್ಲಿ ನಿಂತಿದ್ದಳು. ಯಾರು ಎಂದು ಕಣ್ಣಲ್ಲೇ ಕೇಳಿದಳು.

“ನಿಂಗೆ ಅತ್ತೆ ಆಗ್ಬೇಕು. ಕಮಲಾಕ್ಷಿ ಅಂತ.”

“ವಾಟ್ ಈಸ್ ಶಿ ಲೈಕ್?”

ವಿಮಲಾ ಸ್ವಲ್ಪ ಯೋಚಿಸಿದಳು.

“ತುಂಬಾ ಜೋರಾಗಿ ಅಳ್ತಾರೆ” ಎಂದಳು. ಡಿಸೆಂಬರ್ ರಜೆಗೆ ತುಮಕೂರಿಗೆ ಇಬ್ಬರಿಗೂ ಟಿಕೆಟ್ ನೋಡು ಎಂದು ಹೇಳಿ, ತಿದ್ದಬೇಕಾಗಿದ್ದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು.